ನೀರು ಬರುವ ಹೊತ್ತಿನ ಹಾಡು

ನಮ್ಮೂರಿಗೆ ಹೊಸದಾಗಿ ಬಂದವರು ಹೇಳುವ ಮೊದಲ ಮಾತು, ಇಲ್ಲಿಯ ಜನಕ್ಕೆ ಸಂಗೀತದ ಹುಚ್ಚು ಜಾಸ್ತಿ ಅಂತ. ಬೆಳಿಗ್ಗೆ ನೀರು ಬಿಡುವ ಹೊತ್ತಿಗೆ ಯಾವ ಬೀದಿಗೆ ಹೋದರೂ ಹಾಡು. ಸುಂಕದ ಬೀದಿಯವರು ದೇವರನಾಮ ಹೇಳುತ್ತಾರೆ, ಹಳೇ ಪೇಟೆಯವರದು ಸಿನಿಮಾ ಹಾಡು, ಮಸೀದಿ ಬೀದಿಯ ಹೆಂಗಸರದು ಮದುವೆ ಹಾಡು. ಹಾಡೇ ಬಾರದ ಟೈಲರ್ ಕರಿಬಸಪ್ಪ ಗಟ್ಟಿಯಾಗಿ ಮಗ್ಗಿ ಹೇಳುತ್ತಾನೆ. ಒಮ್ಮೆ ಯಾರೋ ಸಂಗೀತದ ಮೇಷ್ಟ್ರು ಬಂದು ನಮ್ಮ ಬೀದಿಯಲ್ಲಿ ನಿಂತು ಕೇಳಿ, ಶ್ರುತಿ ಒಂದೂ ಸರಿಯಿಲ್ಲ, ಆದರೆ ಉತ್ಸಾಹ ಬಹಳ ಇದೆ ಎಂದು ಹೇಳಿ ಹೋದರು. ನನಗೆ ಮೈಯೆಲ್ಲ ಉರಿದುಹೋಯಿತು. ಶ್ರುತಿ ಸೇರಲಿ ಎಂದು ನಾವೇನು ಹಾಡುತ್ತೇವೆಯೆ? ಕೇಳಬಾರದ್ದು ಕಿವಿಗೆ ಬೀಳದಿರಲಿ ಎಂದು ಹಾಡುತ್ತೇವೆ.

ವಿಷಯ ಇಷ್ಟೆ. ಪುರಸಭೆಯ ವೆಬ್‌ಸೈಟಿನಲ್ಲಿ ಇವತ್ತು ಯಾರು ಏನು ತುಂಬುತ್ತಾರೋ ಅದು ನಾಳೆ ಬೆಳಿಗ್ಗೆ ಊರಿನ ಅಷ್ಟೂ ನಲ್ಲಿಗಳಲ್ಲಿ ನೀರಿನ ಜೊತೆ ಬರುತ್ತದೆ. ಹೆಂಗಸಿನ ಧ್ವನಿ; ಬಸ್ ನಿಲ್ದಾಣದಲ್ಲಿ ಮೈಕಿನಲ್ಲಿ ಊರಿನ ಹೆಸರು ಹೇಳುವವಳ ಹಾಗೆ ಸ್ಪಷ್ಟ. ಹೆಸರು, ವಯಸ್ಸು, ಮೊಬೈಲ್ ನಂಬರು, ಮನೆ ಎಲ್ಲಿ, ಗಂಡ ಇದ್ದಾನೋ ಬಿಟ್ಟಿದ್ದಾನೋ, ಕಾಯಿಲೆ ಏನು, ಎಲ್ಲವನ್ನೂ ಒಂದಕ್ಷರ ಬಿಡದೆ ಹೇಳುತ್ತಾಳೆ. ಯಾಕೆ ಹೀಗೆ ಎಂದು ನನ್ನನ್ನು ಕೇಳಬೇಡಿ. ವೆಬ್‌ಸೈಟು ಬಂದ ವಾರವೇ ಶುರುವಾಯಿತು, ನಾವು ಹೊಂದಿಕೊಂಡೆವು.

ಮೊದಮೊದಲು ಊರೆಲ್ಲ ಜಗಳವೋ ಜಗಳ. ಕೂದಲಿಗೆ ಬಣ್ಣ ಹಚ್ಚಿಕೊಂಡು ಹೆಣ್ಣು ನೋಡಲು ಓಡಾಡುತ್ತಿದ್ದ ಸ್ಟುಡಿಯೋ ಧನಪಾಲ ವೃದ್ಧಾಪ್ಯ ವೇತನಕ್ಕೆ ಅರ್ಜಿ ಹಾಕಿದ್ದು ಹೆಣ್ಣಿನ ಮನೆಯ ನಲ್ಲಿಯಲ್ಲೇ ಬಂತು. ಅದಕ್ಕೆ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕವಳೇ. ಆದರೆ ಎಲ್ಲವೂ ನಗುವಂಥದ್ದಲ್ಲವಲ್ಲ. ಒಂದು ಬೆಳಿಗ್ಗೆ ಎದುರು ಮನೆಯ ಹುಡುಗಿಯೊಬ್ಬಳ ಹೆಸರು ಬಂತು, ಅವಳ ವಯಸ್ಸು ಬಂತು, ಆಸ್ಪತ್ರೆಯ ಖರ್ಚಿಗೆ ಅರ್ಜಿ ಎಂದು ಬಂತು. ಮುಂದಿನದು ಬರುವ ಮೊದಲೇ ಪಕ್ಕದ ಮನೆಯ ತಿಮ್ಮಜ್ಜಿ, ಹಲ್ಲಿಲ್ಲದ ಮುದುಕಿ, ಬಿಂದಿಗೆ ಬಡಿಯುತ್ತಾ ದೊಡ್ಡ ದನಿಯಲ್ಲಿ ಸೋಬಾನೆ ಶುರುಮಾಡಿದಳು. ನಮಗೆಲ್ಲ ಒಂದು ಕ್ಷಣದಲ್ಲಿ ಅರ್ಥವಾಯಿತು. ಬೀದಿಗೆ ಬೀದಿಯೇ ದನಿ ಸೇರಿಸಿತು. ಆ ಹುಡುಗಿಗೆ ಏನಾಗಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಈಗ ಮದುವೆಯಾಗಿ ಚೆನ್ನಾಗಿದ್ದಾಳೆ.

ಅವತ್ತಿನಿಂದ ಅದೇ ಪದ್ಧತಿಯಾಯಿತು. ಅಕಸ್ಮಾತ್ ಕಿವಿಗೆ ಬಿದ್ದರೂ ಬೀಳಲಿಲ್ಲ ಎಂದೇ ಲೆಕ್ಕ. ನಮ್ಮೂರಲ್ಲಿ ಯಾರೂ ಯಾರ ವಯಸ್ಸನ್ನೂ ಕೇಳುವುದಿಲ್ಲ. ಇನ್ನೊಬ್ಬರ ಮನೆಯ ವಿಷಯ ಕೆದಕಿದರೆ ಎದುರಿಗಿದ್ದವರು ಮೆಲ್ಲಗೆ ಗುನುಗಲು ಶುರುಮಾಡುತ್ತಾರೆ. ಕೇಳಿದವರು ನಾಚಿಕೊಂಡು ಸುಮ್ಮನಾಗಬೇಕು. ಇಂಥ ಊರು ಇನ್ನೊಂದಿಲ್ಲ ಎಂದು ನನಗೆ ಬಹಳ ಜಂಬವಿತ್ತು.

ನಾನು ಪಂಕಜಮ್ಮ. ಪುರಸಭೆಯ ಎದುರಿಗೇ ನನ್ನ ಜೆರಾಕ್ಸ್ ಮತ್ತು ಆನ್‌ಲೈನ್ ಅಂಗಡಿ, ಅದರ ಹಿಂದೆ ಮನೆ, ಮೇಲೆ ತಾರಸಿಯಲ್ಲಿ ಒಂದು ಕೋಣೆ. ಅರ್ಧ ಊರಿನ ಅರ್ಜಿ ತುಂಬಿದವಳು ನಾನೇ. ನನ್ನ ಬಾಯಿ ದೊಡ್ಡದು, ಒಪ್ಪುತ್ತೇನೆ. ಗಿರಾಕಿಗಳನ್ನು ಬಯ್ಯುತ್ತೇನೆ, ಫೋಟೊ ತರದವರನ್ನು ವಾಪಸು ಅಟ್ಟುತ್ತೇನೆ. ಆದರೆ ಅದೇ ಬಾಯಿಯಿಂದ ಒಬ್ಬರ ವಿಷಯ ಇನ್ನೊಬ್ಬರಿಗೆ ಹೋದದ್ದಿಲ್ಲ. ಅಂಗಡಿಯ ಶಟರ್ ಎಳೆದರೆ ಮುಗಿಯಿತು, ಎಲ್ಲ ಅಲ್ಲಿಗೇ ಮರೆತ ಹಾಗೆ.

ಜಯಶೀಲಾ ನನ್ನ ಅಂಗಡಿಗೆ ಬಂದದ್ದು ಬಸ್ಸಿನಿಂದ ನೇರವಾಗಿ. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಐದು ವರ್ಷದ ಮಗಳು, ಮಗಳ ಕೈಯಲ್ಲಿ ಅರ್ಧ ತಿಂದ ಬನ್ನು. ಬಾಡಿಗೆಗೆ ಕೋಣೆ ಇದೆಯಂತಲ್ಲ ಎಂದು ಕೇಳಿದಳು. ಅವಳ ಎಡಗೈ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಅದು ಯಾಕೆ ಎಂದು ನಾನು ಕೇಳಲಿಲ್ಲ. ಮಗುವಿನ ಹೆಸರು ಇಂಚರಾ. ಹಾಳಾದ ಜೆರಾಕ್ಸ್ ಹಾಳೆಗಳ ಹಿಂಬದಿಯಲ್ಲಿ ಇಡೀ ದಿನ ಚಿತ್ರ ಬಿಡಿಸುತ್ತಿತ್ತು, ಬಿಡಿಸಿದ್ದನ್ನೆಲ್ಲ ನನ್ನ ಗಲ್ಲಾಪೆಟ್ಟಿಗೆಗೆ ಅಂಟಿಸುತ್ತಿತ್ತು. ನನಗೆ ಮಕ್ಕಳಿಲ್ಲ. ಎರಡು ತಿಂಗಳಲ್ಲಿ ಆ ಮಗು ಮೇಲಿನಿಂದ ಇಳಿದು ಬರುವುದು ಸ್ವಲ್ಪ ತಡವಾದರೆ ನನಗೆ ಕೆಲಸವೇ ಓಡುತ್ತಿರಲಿಲ್ಲ. ಅಷ್ಟು ಹಚ್ಚಿಕೊಂಡುಬಿಟ್ಟಿದ್ದೆ.

ಒಂದು ದಿನ ಜಯಶೀಲಾ ಕಣ್ಣರಳಿಸಿಕೊಂಡು ಬಂದಳು. ಅಂಗನವಾಡಿಯಲ್ಲಿ ಸಹಾಯಕಿಯ ಕೆಲಸಕ್ಕೆ ಅವಳನ್ನು ಆರಿಸಿದ್ದರು. ಸ್ವಂತ ದುಡಿಮೆ, ಮಗುವೂ ಕಣ್ಣೆದುರೇ ಇರುತ್ತದೆ. ಬೇಕಾದದ್ದು ಒಂದೇ, ಈ ಊರಿನಲ್ಲಿ ವಾಸವಿದ್ದಾಳೆ ಎಂದು ಪುರಸಭೆಯ ಪತ್ರ. ತಿಂಗಳ ಕೊನೆಯೊಳಗೆ ಅದನ್ನು ಕೊಡದಿದ್ದರೆ ಕೆಲಸ ಬೇರೆಯವರಿಗೆ. ಕೆಲಸ ಇಲ್ಲದಿದ್ದರೆ ಅವಳು ಅಣ್ಣನ ಮನೆಗೆ ಹೋಗಬೇಕು, ಅಣ್ಣ ಅವಳನ್ನು ಗಂಡನ ಮನೆಗೆ ಬಿಟ್ಟು ಬರುತ್ತಾನೆ. ಇಷ್ಟನ್ನು ಅವಳೇ ಹೇಳಿದಳು, ನಾನು ಕೇಳಿದ್ದಲ್ಲ.

ಅರ್ಜಿ ತುಂಬಲು ಕೂತೆವು. ಅವಳ ಹೆಸರು ಹಾಕಿದೆ, ಮಗಳ ಹೆಸರು ಹಾಕಿದೆ, ಹುಟ್ಟಿದ ಊರು ಹಾಕಿದೆ. ವಿಳಾಸದ ಜಾಗಕ್ಕೆ ಬಂದಾಗ ನನ್ನ ಕೈ ಹಿಡಿದುಕೊಂಡು, ಅದೊಂದು ಬೇಡ ಅಕ್ಕ ಎಂದಳು. ನಾವು ಹಾಡುತ್ತೇವೆ, ಹೆದರಬೇಡ ಎಂದೆ. ಆದರೂ ಅವಳು ನನ್ನ ಕೈ ಬಿಡಲಿಲ್ಲ, ಖಾಲಿ ಬಿಟ್ಟು ಒತ್ತಿದೆ. ವೆಬ್‌ಸೈಟು ಒಪ್ಪಲಿಲ್ಲ. ಕೆಂಪು ಚುಕ್ಕಿ ಇರುವ ಕಡೆಯೆಲ್ಲ ತುಂಬಲೇಬೇಕು ಎಂದಿತು. ಅರ್ಜಿಯೇ ಸೇರಲಿಲ್ಲವಲ್ಲ, ನಾಳೆ ನಲ್ಲಿಯಲ್ಲೂ ಬರಲಿಕ್ಕಿಲ್ಲ ಎಂದುಕೊಂಡೆ. ಬಂತು. ತುಂಬಿದಷ್ಟನ್ನು ನಲ್ಲಿ ಹೇಳಿತು. ನಮ್ಮ ಬೀದಿ ಗಂಟಲು ಹರಿಯುವ ಹಾಗೆ ಹಾಡಿತು, ಉಳಿದ ಬೀದಿಗಳೂ ಹಾಡಿದವು.

ಒಂದು ನಲ್ಲಿಯನ್ನು ಮಾತ್ರ ನಾವು ಯಾರೂ ಯಾವತ್ತೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಬಸ್ ನಿಲ್ದಾಣದ್ದು. ಅಲ್ಲಿ ಯಾರ ಮನೆಯೂ ಇಲ್ಲ, ಹಾಗಾಗಿ ಅಲ್ಲಿ ಹಾಡುವವರೂ ಇಲ್ಲ. ಅವತ್ತು ಅಲ್ಲಿ ಮುಖ ತೊಳೆಯುತ್ತಿದ್ದವನು ಜಯಶೀಲಾಳ ಗಂಡನ ಊರಿನ ಒಬ್ಬ ಲಾರಿ ಡ್ರೈವರ್.

ನಾಲ್ಕು ದಿನ ಬಿಟ್ಟು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡವನೊಬ್ಬ ಅಂಗಡಿಗೆ ಬಂದ. ಮೆತ್ತಗಿನ ಮಾತು, ಬಂದವನೇ ಕೈ ಮುಗಿದ. ಒಂದು ಫೋಟೊ ಕೊಟ್ಟು ಇಪ್ಪತ್ತು ಕಾಪಿ ಬೇಕು ಎಂದ. ಫೋಟೊದಲ್ಲಿ ಜಯಶೀಲಾ, ಸೊಂಟದ ಮೇಲೆ ಕೂಸು ಇಂಚರಾ. ನಮ್ಮ ಮನೆಯವಳು, ಮನಸ್ಸು ಸರಿಯಿಲ್ಲ, ಮಗುವನ್ನು ಎತ್ತಿಕೊಂಡು ಬಂದುಬಿಟ್ಟಿದ್ದಾಳೆ ಎಂದ. ಟೋನರ್ ಮುಗಿದಿದೆ ಎಂದೆ. ಅದೇ ಹೊತ್ತಿಗೆ ಮೇಲೆ ಪುಟ್ಟ ಕಾಲುಗಳು ದಡದಡ ಓಡಿದ ಸದ್ದಾಯಿತು. ಅವನು ತಲೆಯೆತ್ತಿ ಸೂರು ನೋಡಿದ.

"ಮೊಮ್ಮಗಳು," ಎಂದೆ.

ಅವನು ನಕ್ಕ. "ನಿಮ್ಮೂರಲ್ಲಿ ಯಾರನ್ನ ಏನ್ ಕೇಳಿದ್ರೂ ಹಾಡೋಕೆ ಶುರು ಮಾಡ್ತಾರೆ ಕಣಮ್ಮ. ಇರಲಿ ಬಿಡಿ. ಒಂದಿನ ಅಡ್ರೆಸ್ ತುಂಬಲೇಬೇಕಲ್ಲ ಅವಳು. ನಲ್ಲಿನೇ ಹೇಳುತ್ತಂತೆ, ಕಾಯ್ತೀನಿ."

ಬಸ್ ನಿಲ್ದಾಣದ ಪಕ್ಕದ ಲಾಡ್ಜಿನಲ್ಲಿ ಕೋಣೆ ಹಿಡಿದ. ಬೆಳಿಗ್ಗೆ ನೀರು ಬರುವ ಹೊತ್ತಿಗೆ ಬಚ್ಚಲುಮನೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಾನೆ, ನೀರು ನಿಲ್ಲುವವರೆಗೆ ಹೊರಗೆ ಬರುವುದಿಲ್ಲ ಎಂದು ಲಾಡ್ಜಿನ ಮಾಲೀಕ ಬಂದು ಹೇಳಿದ. ಹೇಳುವಾಗ ಅವನಿಗೇ ನಾಚಿಕೆಯಾಗುತ್ತಿತ್ತು. ಗಿರಾಕಿಯ ವಿಷಯ ಹೊರಗೆ ಹೇಳುವುದು ನಮ್ಮೂರಿನ ಪದ್ಧತಿಯಲ್ಲ.

ಅವತ್ತು ಮಧ್ಯಾಹ್ನ ಅಂಗಡಿಯ ಶಟರ್ ಅರ್ಧ ಇಳಿಸಿ ನಾವು ನಾಲ್ಕು ಜನ ಕೂತೆವು: ನಾನು, ಜಯಶೀಲಾ, ಟೈಲರ್ ಕರಿಬಸಪ್ಪ, ಊರಿಗೆ ನೀರು ಬಿಡುವ ದೊಡ್ಡಯ್ಯ. ತಿಂಗಳ ಕೊನೆಗೆ ಮೂರೇ ದಿನ ಉಳಿದಿತ್ತು. ಲಾಡ್ಜಿನ ಕಿಟಕಿಯ ಕೆಳಗೆ ನಿಂತು ತಾನು ಮಗ್ಗಿ ಹೇಳುತ್ತೇನೆಂದ ಕರಿಬಸಪ್ಪ. ನಿನ್ನ ಮಗ್ಗಿ ಕೇಳಿದರೆ ಲಾಡ್ಜಿನವರೆಲ್ಲ ಖಾಲಿ ಮಾಡಿಕೊಂಡು ಹೋಗುತ್ತಾರೆ, ಅವನೊಬ್ಬ ಹೋಗುವುದಿಲ್ಲ ಎಂದೆ. ಊರಿಗೇ ನೀರು ನಿಲ್ಲಿಸಿಬಿಡುತ್ತೇನೆಂದ ದೊಡ್ಡಯ್ಯ. ಅದೂ ಆಗುವ ಮಾತಲ್ಲ. ಹಿಂದೆ ಪೈಪು ಒಡೆದು ನೀರು ನಿಂತಾಗ ನಲ್ಲಿ ಏನನ್ನೂ ಮರೆತಿರಲಿಲ್ಲ. ನೀರು ಬಂದ ದಿನ ಬಾಕಿಯನ್ನೆಲ್ಲ ಸೇರಿಸಿ ಹೇಳಿತ್ತು. ಸುಳ್ಳು ವಿಳಾಸ ಹಾಕೋಣವೆಂದರೆ ಪುರಸಭೆಯವರು ಬಂದು ನೋಡುತ್ತಾರೆ, ಅರ್ಜಿ ಬಿದ್ದುಹೋಗುತ್ತದೆ. ಎಲ್ಲಿಗೆ ಹೋದರೂ ಗೋಡೆ. ಬಸ್ ನಿಲ್ದಾಣದಲ್ಲಿ ಯಾರು ಹಾಡುವುದು, ಲಾಡ್ಜಿನಲ್ಲಿ ಯಾವ ಹಾಡು, ಯಾರ ದನಿ ದೊಡ್ಡದು ಎಂದು ನಾವು ಚರ್ಚೆ ಮಾಡುತ್ತಲೇ ಇದ್ದೆವು.

ಜಯಶೀಲಾ ನೆಲ ನೋಡುತ್ತಲೇ ಕೇಳಿದಳು.

"ನೀವೆಲ್ಲ ನನಗೋಸ್ಕರ ಹಾಡ್ತೀರ ಅಕ್ಕ, ನಿಮ್ಮ ಋಣ ತೀರಿಸೋಕಾಗಲ್ಲ. ಆದ್ರೆ ಪುರಸಭೆಯವ್ರು ಇದನ್ನೆಲ್ಲ ಯಾಕೆ ಕೇಳ್ತಾರೆ?"

ದೇವರಾಣೆ ಹೇಳುತ್ತೇನೆ, ಅಷ್ಟು ವರ್ಷ ಹಾಡಿದ್ದೇವೆ, ಹೊಸ ಹೊಸ ಹಾಡು ಕಲಿತಿದ್ದೇವೆ, ಮಕ್ಕಳಿಗೆ ಕಲಿಸಿದ್ದೇವೆ. ಈ ಒಂದು ಪ್ರಶ್ನೆ ಮಾತ್ರ ನಮ್ಮೂರಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ. ಕೆಂಪು ಚುಕ್ಕಿ ಇದ್ದರೆ ತುಂಬಬೇಕು, ತುಂಬಿದರೆ ನಲ್ಲಿ ಹೇಳುತ್ತದೆ, ಹೇಳಿದರೆ ನಾವು ಹಾಡಬೇಕು. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆವು.

ನಾನು ಎದ್ದು ಸೆರಗು ಸಿಕ್ಕಿಸಿಕೊಂಡು ರಸ್ತೆ ದಾಟಿ ಪುರಸಭೆಗೆ ಹೋದೆ. ಮುಖ್ಯಾಧಿಕಾರಿ ಹಬೀಬ್ ಸಾಹೇಬರು ಒಳ್ಳೆಯ ಮನುಷ್ಯ, ಆದರೆ ಕಾಗದ ಹಾರಿದರೂ ಬೆಚ್ಚುವ ಜೀವ. ವಿಷಯ ಕೇಳಿ, ಪಂಕಜಮ್ಮನವರೇ, ಅದು ಮೇಲಿನಿಂದ ಬಂದ ಫಾರಂ, ನಾನೇನು ಮಾಡಲಿ ಎಂದರು. ಮೇಲಿನಿಂದಲೋ ಕೆಳಗಿನಿಂದಲೋ, ಒಂದೊಂದಾಗಿ ಓದಿ, ಯಾವುದು ಯಾಕೆ ಬೇಕು ಅಂತ ಹೇಳಿ, ಕೇಳಿಕೊಂಡು ಹೋಗುತ್ತೇನೆ ಎಂದು ಕುರ್ಚಿ ಎಳೆದುಕೊಂಡೆ.

ಪಾಪ, ಓದಿದರು. ವಾಸದ ಪತ್ರಕ್ಕೆ ರಕ್ತದ ಗುಂಪು ಯಾಕೆ? ಗೊತ್ತಿಲ್ಲ. ಜಾತಿ ಯಾಕೆ? ಗೊತ್ತಿಲ್ಲ. ಮನೆಯಲ್ಲಿ ಹಗಲು ಹೊತ್ತು ಯಾರಿರುತ್ತಾರೆ ಎನ್ನುವುದು ಯಾಕೆ? ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮುಂದಿನದು, ಗಂಡನ ಮೊಬೈಲ್ ನಂಬರು, ಕೆಂಪು ಚುಕ್ಕಿ. ಅದನ್ನು ಜೋರಾಗಿ ಓದಿದವರು ಅಲ್ಲಿಗೇ ನಿಂತರು.

ಕಂಪ್ಯೂಟರ್ ವಿಭಾಗದ ಹುಡುಗಿಯನ್ನು ಕರೆಸಿದರು. ಈ ಫಾರಂ ಮೇಲಿನಿಂದ ಬಂದದ್ದೇ ಅಲ್ಲವಂತೆ. ವೆಬ್‌ಸೈಟು ಮಾಡುವಾಗ ಒಂದು ಆರೋಗ್ಯ ಶಿಬಿರದ ಫಾರಂ ಕೈಗೆ ಸಿಕ್ಕಿತಂತೆ. ಅದರಲ್ಲಿ ಪ್ರಶ್ನೆಗಳು ಜಾಸ್ತಿ ಇದ್ದವು, ನೋಡಲು ಭರ್ಜರಿಯಾಗಿತ್ತು, ಎಲ್ಲ ಅರ್ಜಿಗೂ ಅದನ್ನೇ ಇಟ್ಟರಂತೆ. ಕೆಂಪು ಚುಕ್ಕಿ ಹಾಕಿದವರು ಯಾರು ಎಂದು ಸಾಹೇಬರು ಕೇಳಿದರು. "ನಾವೇ ಸಾರ್. ಕೆಲವಕ್ಕೆ ಹಾಕಿ ಕೆಲವಕ್ಕೆ ಬಿಟ್ರೆ ಚೆನ್ನಾಗಿ ಕಾಣಲ್ಲ ಅಂತ ಎಲ್ಲದಕ್ಕೂ ಹಾಕಿದ್ವಿ," ಎಂದಳು ಹುಡುಗಿ.

ನನ್ನ ಬಾಯಿಗೆ ಬಂದ ಮಾತನ್ನು ಹಾಗೇ ನುಂಗಿಕೊಂಡೆ. ಯಾಕೆಂದರೆ ಹಬೀಬ್ ಸಾಹೇಬರ ಮುಖ ಸಣ್ಣದಾಗಿತ್ತು. ಹುಡುಗಿಯನ್ನು ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದರು. ಆಮೇಲೆ ಮೆಲ್ಲಗೆ, ಹೋದ ವರ್ಷ ನಮ್ಮ ಮನೆಯವಳ ಕಾಯಿಲೆಗೆ ಅರ್ಜಿ ಹಾಕಿದ್ದೆನಲ್ಲ, ಆ ಬೆಳಿಗ್ಗೆ ಅವಳು ನಲ್ಲಿಯ ಮುಂದೆ ಕಿವಿ ಮುಚ್ಚಿಕೊಂಡು ಕೂತಿದ್ದಳು, ಬೀದಿಯವರೆಲ್ಲ ಹಾಡಿದಿರಿ, ಅದನ್ನು ಅವಳು ಸಾಯುವವರೆಗೆ ನೆನೆಸಿಕೊಳ್ಳುತ್ತಿದ್ದಳು ಎಂದರು. ಬಯ್ಯಲು ಹೋದವಳು ಕಣ್ಣು ಒರೆಸಿಕೊಂಡು ಕೂತೆ.

"ಹೆಸರು, ವಿಳಾಸ, ನಂಬರು ಎಲ್ಲ ತೆಗೆಸ್ತೀನಮ್ಮ," ಎಂದರು. "ಆದ್ರೆ ನಾಳೆ ಯಾರಾದ್ರೂ ನನ್ನನ್ನ ಕೇಳಿದ್ರೆ? ಆಯಮ್ಮ ಇಲ್ಲೇ ಇದ್ದಾರೆ ಅಂತ ನನಗೆ ಖಾತ್ರಿ ಬೇಕಲ್ಲ?"

"ಬಂದು ನೋಡಿ," ಎಂದೆ. "ಕಣ್ಣಿದೆಯಲ್ಲ ನಿಮಗೆ."

ಸಂಜೆ ಹಿಂಬಾಗಿಲಿನಿಂದ ಬಂದರು. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಕೋಣೆಯಲ್ಲಿ ಚಾಪೆಯ ಮೇಲೆ ಕೂತು ಕಾಫಿ ಕುಡಿದರು. ಜಯಶೀಲಾ ಬಾಗಿಲ ಹತ್ತಿರವೇ ನಿಂತಿದ್ದಳು, ಪರೀಕ್ಷೆಗೆ ನಿಂತವಳ ಹಾಗೆ. ನೀನು ಎಲ್ಲಿ ಮಲಗುವುದು ಎಂದು ಸಾಹೇಬರು ಇಂಚರಾಳನ್ನು ಕೇಳಿದರು. ಅವಳು ಮೂಲೆಯ ಹಾಸಿಗೆ ತೋರಿಸಿದಳು, ದಿಂಬು ತೋರಿಸಿದಳು, ತಾನು ಬರೆದ ಆನೆಯನ್ನು ತೋರಿಸಿದಳು. ಆನೆಗೆ ಕಾಲು ಐದಿದ್ದವು. ಸಾಹೇಬರು ಎಣಿಸಿ, ಚೆನ್ನಾಗಿದೆ ಎಂದರು. ಎದ್ದು ಹೊರಡುವಾಗ ಜಯಶೀಲಾಳಿಗೆ, ನೋಡಿದೆನಮ್ಮ, ಸಾಕು ಎಂದರು. ಪತ್ರವನ್ನು ಕೈಯಲ್ಲೇ ಬರೆದುಕೊಡುತ್ತೇನೆ, ವೆಬ್‌ಸೈಟಿನಿಂದ ಬರಬೇಕಾದದ್ದು ಮಂಜೂರಿ ಒಂದೇ, ಅದಕ್ಕೆ ಬೇಕಾದಷ್ಟನ್ನು ಮಾತ್ರ ಉಳಿಸಿದ್ದೇವೆ ಎಂದೂ ಹೇಳಿದರು. ಮಾರನೆಯ ದಿನ ಅಂಗಡಿಯಲ್ಲಿ ನಾನು ವೆಬ್‌ಸೈಟು ತೆರೆದು ನೋಡಿದರೆ, ಹಳೆಯ ಉದ್ದನೆಯ ಫಾರಂ ಇರಲಿಲ್ಲ. ಎರಡೇ ಸಾಲು: ಯಾವ ಪತ್ರ ಬೇಕು, ಈ ಊರಿನವರು ಹೌದೋ ಅಲ್ಲವೋ. ಜಯಶೀಲಾಳೇ ಕೂತು ಒತ್ತಿದಳು. ಅವತ್ತು ವಾಸದ ಪತ್ರಕ್ಕೆಂದು ನನ್ನ ಅಂಗಡಿಗೆ ಬಂದವರೆಲ್ಲ ಅದೇ ಎರಡು ಸಾಲು ಒತ್ತಿ, ಇಷ್ಟೇನಾ ಎಂದು ಕೇಳಿ ಹೋದರು.

ಆದರೂ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಫಾರಂ ಬದಲಾಯಿತು, ನಲ್ಲಿ ಬದಲಾಗಿದೆ ಎಂದು ಯಾರು ಕಂಡರು? ಬೆಳಿಗ್ಗೆ ಬೇಗ ಎದ್ದು ಬಸ್ ನಿಲ್ದಾಣಕ್ಕೆ ಹೋದೆ. ಅವನು ಅಲ್ಲೇ ನಲ್ಲಿಯ ಮುಂದೆ ನಿಂತಿದ್ದ. ಲಾಡ್ಜಿನ ಮಾಲೀಕ ರಿಪೇರಿ ಎಂದು ಹೇಳಿ ಬಚ್ಚಲಿನ ನಲ್ಲಿಯನ್ನೇ ಬಿಚ್ಚಿಬಿಟ್ಟಿದ್ದನಂತೆ. ನನ್ನ ಹಿಂದೆಯೇ ಕರಿಬಸಪ್ಪ ಬಂದ, ಸುಂಕದ ಬೀದಿಯ ಹೆಂಗಸರು ಬಂದರು, ಮಸೀದಿ ಬೀದಿಯವರು ಬಂದರು, ತಿಮ್ಮಜ್ಜಿಯನ್ನು ಯಾರೋ ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದರು. ಮನೆಯ ನೀರು ಬಿಟ್ಟು ಖಾಲಿ ಬಿಂದಿಗೆ ಹಿಡಿದುಕೊಂಡು ಬಂದಿದ್ದರು. ನಾನು ಯಾರನ್ನೂ ಕರೆದಿರಲಿಲ್ಲ. ಅವರನ್ನು ನೋಡಿ ನನಗೆ ಅಳು ಬಂತು.

ನಲ್ಲಿ ಗೊರಗೊರ ಎಂದಿತು. ಕರಿಬಸಪ್ಪ ಮಗ್ಗಿಗೆ ಉಸಿರೆಳೆದುಕೊಂಡ. ನಾನು ಅವನ ತೋಳು ಹಿಡಿದೆ.

"ಇವತ್ತು ಬೇಡ. ಕೇಳಿಸಿಕೊಳ್ಳಲಿ."

ಯಾಕೆ ಹಾಗೆಂದೆನೋ ನನಗೇ ಗೊತ್ತಿಲ್ಲ. ಹಾಡಿದರೆ ಅವನು ನಾಳೆ ಬರುತ್ತಾನೆ, ನಾಡಿದ್ದು ಬರುತ್ತಾನೆ, ಎಂದೋ ಒಂದು ದಿನ ನಮ್ಮ ಗಂಟಲು ಸೋಲುತ್ತದೆ ಅನ್ನಿಸಿತು. ಎಲ್ಲರೂ ಸುಮ್ಮನೆ ನಿಂತರು. ಅವನು ಬಗ್ಗಿ ಕಿವಿಯನ್ನು ನಲ್ಲಿಯ ಹತ್ತಿರ ತಂದ. ನೀರು ಬಂತು, ಜೊತೆಗೆ ನಲ್ಲಿಯ ಆ ಹೆಂಗಸಿನ ದನಿಯೂ ಬಂತು.

"ವಾಸದ ಪತ್ರಕ್ಕೆ ಒಂದು ಅರ್ಜಿ. ಅರ್ಜಿದಾರರು ಈ ಊರಿನವರು."

ನಾವು ಕಾದೆವು. ಹೆಸರಿಲ್ಲ, ಬೀದಿಯಿಲ್ಲ, ಮಗುವಿನ ಸುದ್ದಿಯಿಲ್ಲ. ಸ್ವಲ್ಪ ಹೊತ್ತು ಬರೀ ನೀರು. ಆಮೇಲೆ ಮತ್ತೆ, ವಾಸದ ಪತ್ರಕ್ಕೆ ಒಂದು ಅರ್ಜಿ, ಅರ್ಜಿದಾರರು ಈ ಊರಿನವರು. ಹಿಂದಿನ ದಿನ ಎಷ್ಟು ಜನ ಹಾಕಿದ್ದರೋ ಅಷ್ಟು ಸಲ ಅದೇ ಮಾತು. ಅವನು ಪ್ರತಿ ಸಲವೂ ಇನ್ನಷ್ಟು ಬಗ್ಗಿದ. ಅಂಗಿಯ ಕಾಲರು ಒದ್ದೆಯಾಯಿತು. ಕೊನೆಗೆ ನೆಟ್ಟಗಾಗಿ ನಮ್ಮ ಕಡೆ ತಿರುಗಿದ. ಮೊದಲ ಸಲ ಅವನ ದನಿ ಮೆತ್ತಗಿರಲಿಲ್ಲ.

"ಇದ್ರಲ್ಲಿ ಅವಳು ಯಾರು?"

ಯಾರೂ ಗುನುಗಲಿಲ್ಲ. ತಿಮ್ಮಜ್ಜಿ ಬಿಂದಿಗೆ ತಂದು ನಲ್ಲಿಯ ಕೆಳಗಿಟ್ಟು, ಸ್ವಲ್ಪ ಜರುಗಪ್ಪ, ನೀರು ಹಿಡೀಬೇಕು ಎಂದಳು. ಅವಳ ಹಿಂದೆ ಸಾಲು ನಿಂತಿತು. ಅವನು ಆ ಸಾಲಿನ ಒಂದೊಂದು ಮುಖವನ್ನೂ ನೋಡಿದ, ನನ್ನ ಮುಖವನ್ನು ಸ್ವಲ್ಪ ಜಾಸ್ತಿಯೇ ನೋಡಿದ. ನಾನೂ ನೋಡಿದೆ. ಹತ್ತು ಗಂಟೆಯ ಬಸ್ಸಿಗೆ ಅವನು ಹತ್ತಿದ್ದನ್ನು ಲಾಡ್ಜಿನ ಮಾಲೀಕ ಕಣ್ಣಾರೆ ನೋಡಿ, ಓಡಿಬಂದು ಹೇಳಿದ. ಈ ಸಲ ಅವನಿಗೆ ನಾಚಿಕೆಯಾಗಲಿಲ್ಲ.

ಆ ಸುದ್ದಿ ಹೊತ್ತುಕೊಂಡು ಮನೆಗೆ ಹೋದೆ. ಜಯಶೀಲಾ ತಾರಸಿಯ ನಲ್ಲಿಯ ಮುಂದೆ ಕೂತಿದ್ದಳು. ನೀರು ನಿಂತು ಎಷ್ಟೋ ಹೊತ್ತಾಗಿತ್ತು, ಬಕೆಟ್ಟು ತುಂಬಿ ಸುತ್ತ ನೆಲವೆಲ್ಲ ಒದ್ದೆ, ಅವಳ ಸೀರೆಯೂ ಒದ್ದೆ. ಅವನು ಹೋದ ಎಂದೆ. ತಲೆಯಾಡಿಸಿದಳು, ಅದು ಅವಳ ಮನಸ್ಸಿಗೆ ಇಳಿದ ಹಾಗೆ ಕಾಣಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು. ಏನಾಯಿತೇ ಎಂದು ಪಕ್ಕದಲ್ಲಿ ಕೂತು ಭುಜ ಹಿಡಿದುಕೊಂಡೆ.

"ಅಕ್ಕ," ಎಂದಳು. "ಈ ಊರಿನವರು ಅಂತ ನಲ್ಲಿ ಹೇಳ್ತಲ್ಲ, ಅದ್ರಲ್ಲಿ ಒಂದು ನಾನೇ ಅಲ್ವಾ?"

"ಹೂಂ ಕಣೆ," ಎಂದೆ. "ನೀನೇ."